ಕನ್ಸಲ್ಟಿಂಗ್ ಕೆಲಸ ಬೇಗ ಬಿಟ್ಟವರಿಗೆ ಮುಂದೇನು?

ಸುರತ್ಕಲ್ಲಿನ ಎನ್‌ಐಟಿಕೆಯಲ್ಲೋ ಮಣಿಪಾಲದ ಟ್ಯಾಪ್ಮಿಯಲ್ಲೋ ಓದು ಮುಗಿಯುವ ಮೊದಲೇ ದೊಡ್ಡ ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಕಂಪನಿಯ ಆಫರ್ ಕೈಗೆ ಬಂದಿತ್ತು. ಮನೆಯಲ್ಲಿ ಪಾಯಸ ಆಯಿತು, ನೆಂಟರಿಗೆಲ್ಲ ಫೋನ್ ಹೋಯಿತು. ಒಂದು, ಒಂದೂಕಾಲು ವರ್ಷ ಕಳೆಯುವುದರೊಳಗೆ ನಿಮಗೆ ಆ ಕೆಲಸ ಸಾಕೋ ಸಾಕಾಗಿದೆ. ರಾಜೀನಾಮೆಯ ಈಮೇಲ್ ಡ್ರಾಫ್ಟ್‌ನಲ್ಲೇ ಉಳಿದಿದೆ. ಇಲ್ಲವೇ ಕಳಿಸಿಯೂ ಆಗಿ, ಬೆಂಗಳೂರಿನ ಪಿಜಿ ಖಾಲಿ ಮಾಡಿ ಮಂಗಳೂರಿನ ಬಿಜೈಯ ಮನೆಗೆ ಬಂದು ಕೂತಿದ್ದೀರಿ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ದೊಡ್ಡಪ್ಪ "ಈಗ ಎಂತ ಮಾಡ್ತಾ ಇದ್ದಿ ಮಾರಾಯ?" ಎಂದರೆ ಹೇಳಲು ಒಂದು ವಾಕ್ಯ ಸಿಗುತ್ತಿಲ್ಲ.

ಈ ಊರಿನಲ್ಲಿ ಆ ಪ್ರಶ್ನೆಗೆ ತೂಕ ಜಾಸ್ತಿ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯ – ಐದು ಬ್ಯಾಂಕುಗಳು 1906ರಿಂದ 1931ರ ಒಳಗೆ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದವು. ಗುಮಾಸ್ತರಾಗಿ ಸೇರಿ ಮ್ಯಾನೇಜರ್ ಆಗಿ ನಿವೃತ್ತರಾದ ತಂದೆ, ಚಿಕ್ಕಪ್ಪ, ಮಾವ ಇಲ್ಲದ ಮನೆ ಇಲ್ಲಿ ಕಡಿಮೆ. ಒಂದೇ ಕಡೆ ಮೂವತ್ತೈದು ವರ್ಷ ದುಡಿದವರಿಗೆ ಹದಿನಾಲ್ಕು ತಿಂಗಳಲ್ಲಿ ಕೆಲಸ ಬಿಟ್ಟವರನ್ನು ಕಂಡರೆ ಗಾಬರಿಯಾಗುವುದು ಸಹಜ. ಆದರೆ ವಿಜಯ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಕುರ್ಚಿ ಬಿಡದೆ ಕೂತವರ ತಲೆಯ ಮೇಲಿನ ಬೋರ್ಡೂ ಬದಲಾಯಿತು. ಮನೆಯಲ್ಲಿ ಮಾತು ಬಂದಾಗ ಇದನ್ನು ಮೆಲ್ಲಗೆ ನೆನಪಿಸಬಹುದು. ವಾದಕ್ಕೆ ಬಳಸಬೇಡಿ, ನೊಂದುಕೊಳ್ಳುತ್ತಾರೆ.

ಕನ್ಸಲ್ಟಿಂಗ್ ವೃತ್ತಿಯ ಸ್ವಭಾವ ಬ್ಯಾಂಕಿನದ್ದಕ್ಕೆ ಪೂರ್ತಿ ಉಲ್ಟಾ. 1926ರಲ್ಲಿ ಚಿಕಾಗೋದಲ್ಲಿ ಜೇಮ್ಸ್ ಮೆಕಿನ್ಸೆ ಎಂಬ ಅಕೌಂಟಿಂಗ್ ಪ್ರೊಫೆಸರ್ ಶುರುಮಾಡಿದ ಕಂಪನಿಯಿಂದ ಹಿಡಿದು ಇಂದಿನ ದೊಡ್ಡ ಹೆಸರುಗಳವರೆಗೆ ಬಹುತೇಕ ಕಡೆ ಒಂದೇ ಕ್ರಮ: ಕೆಳಗಿನ ಹಂತದಲ್ಲಿ ಬಹಳ ಮಂದಿ, ಮೇಲೆ ಕೆಲವೇ ಪಾರ್ಟ್‌ನರ್‌ಗಳು. ಮೇಲಕ್ಕೆ ಹೋಗದವರು ಹೊರಗೆ ಹೋಗಬೇಕು. ಹೆಚ್ಚಿನವರು ಹೋಗಿಯೇ ಹೋಗುತ್ತಾರೆ ಎಂಬ ಲೆಕ್ಕದ ಮೇಲೆಯೇ ಆ ವ್ಯವಸ್ಥೆ ನಿಂತಿದೆ. ಹಾಗಾಗಿ ಬಿಟ್ಟದ್ದು ಕಳಂಕವಲ್ಲ. ಬೇಗ ಬಿಟ್ಟದ್ದರಿಂದ ಬದಲಾಗುವುದು ಒಂದೇ: ಮುಂದಿನ ಕಂಪನಿಯ ಎದುರು ನೀವು ಏನೆಂದು ಹೇಳಿಕೊಳ್ಳಬಹುದು ಎಂಬುದು.

ಬೇಸತ್ತದ್ದು ಯಾವುದರಿಂದ?

ಮೊದಲು ನೌಕ್ರಿ ತೆರೆಯಬೇಡಿ, ಲಿಂಕ್ಡ್‌ಇನ್ ಕೂಡ ಬೇಡ. ಬೇಸರದ ಮೂಲ ತಿಳಿಯದೆ ಹುಡುಕಿದರೆ ಅದೇ ಬೇಸರ ಬೇರೆ ಹೆಸರಿನ ಕಂಪನಿಯಲ್ಲಿ ಕಾದಿರುತ್ತದೆ. ನೆನಪನ್ನು ನೆಚ್ಚಿದರೂ ಆಗದು. ಕೊನೆಯ ಹದಿನೈದು ದಿನ ಕೆಟ್ಟದಾಗಿದ್ದರೆ ಹಿಂದಿನ ವರ್ಷವೆಲ್ಲ ಕೆಟ್ಟದಾಗಿಯೇ ಕಾಣುತ್ತದೆ. ಕ್ಯಾಲೆಂಡರ್ ಹಾಗೆ ಮಾಡುವುದಿಲ್ಲ. ಆಫೀಸಿನ ಕ್ಯಾಲೆಂಡರಿನ ಕಳೆದ ಮೂರು ತಿಂಗಳನ್ನು ನೋಡಿ, ಸಲೀಸಾಗಿ ಹೊತ್ತು ಹೋದ ಕೆಲಸಗಳನ್ನು ಒಂದು ಹಾಳೆಯಲ್ಲೂ ಪ್ರಾಣ ಹಿಂಡಿದವನ್ನು ಇನ್ನೊಂದರಲ್ಲೂ ಬರೆಯಿರಿ. ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಕಾರಣ ಎದ್ದು ಕಾಣುತ್ತದೆ.

1. ಹೊತ್ತು ಮತ್ತು ಓಡಾಟ. ಕೆಲಸ ಇಷ್ಟ, ರಾತ್ರಿ ಒಂದು ಗಂಟೆಯ ಸ್ಲೈಡುಗಳು ಬೇಡ, ಸೋಮವಾರ ಬೆಳಗ್ಗಿನ ವಿಮಾನ ಬೇಡ. ಇಂಥವರು ವೃತ್ತಿ ಬದಲಿಸಬೇಕಿಲ್ಲ. ಅದೇ ಕೆಲಸವನ್ನು ಯಾವುದಾದರೂ ಒಂದು ಕಂಪನಿಯ ಒಳಗೆ ಕೂತು ಮಾಡುವ ಹುದ್ದೆ ಸಾಕು.

2. ಒಬ್ಬ ಮ್ಯಾನೇಜರ್. ಇದು ಹೆಚ್ಚಿನವರು ಒಪ್ಪಿಕೊಳ್ಳುವುದಕ್ಕಿಂತ ಜಾಸ್ತಿ. ಹೀಗಿದ್ದರೆ ಬಿಡುವ ಮೊದಲು ಬೇರೆ ಪ್ರಾಜೆಕ್ಟ್ ಕೇಳಿ ನೋಡಿ. ಆರು ತಿಂಗಳಲ್ಲಿ ಬೇರೆ ಜಗತ್ತು ಕಾಣಬಹುದು.

3. ಸಲಹೆ ಕೊಟ್ಟು ಎದ್ದು ಬರುವ ರೀತಿ. ವರದಿ ಕೊಟ್ಟಾಯಿತು, ಅದು ಜಾರಿಯಾಯಿತೋ ಕಪಾಟು ಸೇರಿತೋ ಗೊತ್ತಾಗುವುದಿಲ್ಲ. ಇದೇ ನಿಮ್ಮ ಕೊರಗಾದರೆ ಫಲ ಬರುವವರೆಗೂ ಜೊತೆಗಿರುವ ಕೆಲಸ ಬೇಕು. ಮಂಗಳೂರಿನಂಥ ಊರು ನಿಜವಾಗಿ ಉಪಯೋಗಕ್ಕೆ ಬರುವುದು ಈ ಗುಂಪಿನವರಿಗೆ.

4. ಕೆಲಸವೇ ಕೈಗೆ ಹತ್ತಲಿಲ್ಲ, ಅಥವಾ 'ಬೇರೆ ಕಡೆ ನೋಡಿಕೊಳ್ಳಿ' ಎಂದು ಅವರೇ ಹೇಳಿದರು. ಇದರಲ್ಲೂ ನಾಚಿಕೆಯಿಲ್ಲ. ಆದರೆ ಯಾವ ಭಾಗ ಹತ್ತಲಿಲ್ಲ ಎಂದು ತಿಳಿದಿರಬೇಕು: ಅಂಕಿಗಳೇ, ಬರವಣಿಗೆಯೇ, ಗ್ರಾಹಕರ ಎದುರು ಮಾತೇ?

ರಾಜೀನಾಮೆ ಕಳಿಸುವ ಮೊದಲು

ಕಾಗದಪತ್ರದ ವಿಷಯದಲ್ಲಿ ಆತುರ ಮಾಡಿದವರು ಆಮೇಲೆ ದುಡ್ಡು ಕಟ್ಟುತ್ತಾರೆ. ಆಫರ್ ಲೆಟರನ್ನು ಸೇರುವ ದಿನ ಯಾರೂ ಪೂರ್ತಿ ಓದಿರುವುದಿಲ್ಲ. ಈಗ ಓದಿ.

1. ಬಾಂಡ್ ಇದೆಯೇ ನೋಡಿ. 'ಬಾಂಡ್ ಎಲ್ಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ' ಎಂದು ಸ್ನೇಹಿತರು ಹೇಳುತ್ತಾರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಬೇರೆಯದನ್ನೇ ಹೇಳುತ್ತದೆ, ಅದೂ ಮಂಗಳೂರಿನಲ್ಲಿ ಹುಟ್ಟಿದ ವಿಜಯ ಬ್ಯಾಂಕಿನದೇ ಪ್ರಕರಣ. ಮೂರು ವರ್ಷ ಕೆಲಸ ಮಾಡಬೇಕು, ಇಲ್ಲವಾದರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತಿನ ಮೇಲೆ 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋದರು. ಹಣ ಕಟ್ಟಿ, ಆಮೇಲೆ ಅದನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು, ಸುಪ್ರೀಂ ಕೋರ್ಟಿನಲ್ಲಿ ಸೋತರು. ಸರ್ಕಾರಿ ಬ್ಯಾಂಕು ಮತ್ತೆ ಜಾಹೀರಾತು ಕೊಟ್ಟು ನೇಮಕ ಮಾಡಬೇಕು, ಅದಕ್ಕೆ ಖರ್ಚಿದೆ ಎಂಬುದನ್ನು ನ್ಯಾಯಾಲಯ ಒಪ್ಪಿತು. ಹಾಗೆಂದು ಯಾವ ಕಂಪನಿ ಎಷ್ಟು ಮೊತ್ತ ಬರೆದರೂ ಸಿಂಧು ಎಂದರ್ಥವಲ್ಲ. ಕರಾರು ಕಾಯ್ದೆಯ ಪ್ರಕಾರ ಪರಿಹಾರ ನ್ಯಾಯಸಮ್ಮತವಾಗಿರಬೇಕು. ಮೊತ್ತ ದೊಡ್ಡದಿದ್ದರೆ ವಕೀಲರಿಗೆ ಒಮ್ಮೆ ಆ ಪತ್ರ ತೋರಿಸಿ.

2. ಜಾಯ್ನಿಂಗ್ ಬೋನಸ್ ವಾಪಸ್ ಕೇಳುವ ಷರತ್ತು. ಒಂದು ಅಥವಾ ಎರಡು ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕು ಎಂದಿರುವುದು ಸಾಮಾನ್ಯ. ನಿಮ್ಮ ಕೈಗೆ ಬಂದದ್ದು ತೆರಿಗೆ ಕಳೆದು ಉಳಿದ ಮೊತ್ತ. ಕೆಲವು ಕಂಪನಿಗಳು ಕೇಳುವುದು ಪೂರ್ತಿ ಮೊತ್ತ. ಅವಧಿ ಮುಗಿಯಲು ಮೂರು ವಾರ ಉಳಿದಿದ್ದರೆ ಮೂರು ವಾರ ಹಲ್ಲುಕಚ್ಚಿ ಇರುವುದೇ ಜಾಣತನ.

3. ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಎಂಬ ಷರತ್ತು. 1872ರ ಕರಾರು ಕಾಯ್ದೆಯ 27ನೇ ಕಲಮಿನ ಕಾರಣ, ಕೆಲಸ ಬಿಟ್ಟ ಮೇಲೂ ಹೀಗೆ ಕಟ್ಟಿಹಾಕುವ ಷರತ್ತು ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ. ಗೋಪ್ಯತೆಯ ಷರತ್ತು ಮಾತ್ರ ಬೇರೆ. ಗ್ರಾಹಕರ ಸ್ಲೈಡು, ಎಕ್ಸೆಲ್ ಫೈಲನ್ನು ನಿಮ್ಮ ಜಿಮೇಲ್‌ಗೆ ಕಳಿಸಿಕೊಂಡರೆ ಅದು ಕಂಪನಿಯ ಸರ್ವರಿನಲ್ಲಿ ದಾಖಲಾಗುತ್ತದೆ. ಬಿಡುವ ತಿಂಗಳಲ್ಲಿ ಅವರು ನೋಡುವುದೂ ಅದನ್ನೇ.

4. ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ಕೊನೆಯ ದಿನಕ್ಕೆ ನಿಲ್ಲುತ್ತದೆ, ಅದರಲ್ಲಿದ್ದ ಅಪ್ಪ ಅಮ್ಮನದ್ದೂ ನಿಲ್ಲುತ್ತದೆ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ಸಾಮಾನ್ಯವಾಗಿ ಕ್ಲೇಮ್ ಸಿಗದು. ಆದ್ದರಿಂದ ನೋಟಿಸ್ ಅವಧಿಯ ಮೊದಲ ವಾರವೇ ಪಾಲಿಸಿ ಮಾಡಿಸಿ, ಅಥವಾ ಗುಂಪು ಪಾಲಿಸಿಯಿಂದ ವೈಯಕ್ತಿಕಕ್ಕೆ ಬದಲಿಸಿಕೊಳ್ಳಲು ಕೇಳಿ.

5. ಪಿಎಫ್ ತೆಗೆಯಬೇಡಿ. ಯುಎಎನ್ ಒಂದೇ ಇರುತ್ತದೆ, ಹೊಸ ಕಂಪನಿಗೆ ವರ್ಗಾಯಿಸಿ. ಒಟ್ಟು ಸೇವೆ 5 ವರ್ಷ ಆಗುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಒಂದೆರಡು ವರ್ಷಕ್ಕೆ ಬಿಡುವ ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗುವುದಿಲ್ಲ. ಆಫರ್ ಲೆಟರಿನ ಸಿಟಿಸಿಯಲ್ಲಿ ಅದನ್ನು ಸೇರಿಸಿದ್ದರೂ ಲೆಕ್ಕಕ್ಕಿಲ್ಲ.

6. ಶಿಕ್ಷಣ ಸಾಲ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಕೋರ್ಸ್ ಮುಗಿದು ಒಂದು ವರ್ಷಕ್ಕೆ ಕಂತು ಶುರು. ಅಂದರೆ ಸರಿಯಾಗಿ ನೀವು ಕೆಲಸ ಬಿಡುವ ಹೊತ್ತಿಗೆ. ನಿಮ್ಮ ತಿಂಗಳ ಖರ್ಚು ಮತ್ತು ಕಂತು ಕೂಡಿಸಿ ಆರರಿಂದ ಗುಣಿಸಿ; ಅಷ್ಟು ಹಣ ಖಾತೆಯಲ್ಲಿ ಇಲ್ಲದೆ, ಬೇರೆ ಆಫರೂ ಇಲ್ಲದೆ ಬಿಡುವುದು ಸರಿಯಲ್ಲ. ಕಂತು ತಪ್ಪುವ ಸೂಚನೆ ಕಂಡರೆ ತಪ್ಪುವ ಮೊದಲೇ ಶಾಖೆಗೆ ಹೋಗಿ ಮುಂದೂಡಲು ಅರ್ಜಿ ಕೊಡಿ. ತಪ್ಪಿದ ಮೇಲೆ ಹೋದರೆ ಮ್ಯಾನೇಜರ್ ಎಷ್ಟೇ ಪರಿಚಯದವರಾದರೂ ಸಿಬಿಲ್ ಅಂಕ ಇಳಿದಿರುತ್ತದೆ.

ಕೈಗೆ ಬಂದದ್ದು ಎಷ್ಟು?

ಒಂದು ವರ್ಷದ ಕನ್ಸಲ್ಟಿಂಗ್‌ನಲ್ಲಿ ಯಾರೂ ಕಂಪನಿ ನಡೆಸಲು ಕಲಿತಿರುವುದಿಲ್ಲ. ನಿಜವಾಗಿ ಬಂದದ್ದು ಮೂರು ಸಣ್ಣ ಕೌಶಲ: ಕಚ್ಚಾ ಅಂಕಿ ಕೊಟ್ಟರೆ ಎಕ್ಸೆಲ್‌ನಲ್ಲಿ ಶುದ್ಧ ಮಾಡಿ ತಪ್ಪು ಹಿಡಿಯುವುದು, ಗೊತ್ತಿಲ್ಲದ ಉದ್ಯಮದ ಬಗ್ಗೆ ಹತ್ತು ಜನರನ್ನು ಮಾತಾಡಿಸಿ ವಾರದೊಳಗೆ ಅರ್ಥ ಮಾಡಿಕೊಳ್ಳುವುದು, ತಿಳಿದದ್ದನ್ನು ಒಂದೇ ಪುಟದಲ್ಲಿ ಬರೆಯುವುದು. ಕಡಿಮೆ ಎನಿಸಿತೇ? ಈ ಮೂರನ್ನೂ ಬಲ್ಲ ಒಬ್ಬರು ಸಿಗದೆ ಪೇಚಾಡುವ ಕಂಪನಿಗಳು ನಮ್ಮ ಊರಿನಲ್ಲೇ ಸಾಕಷ್ಟಿವೆ. ತೊಂದರೆ ಬರುವುದು ಇದನ್ನು ಊದಿಸಿ ಬರೆದಾಗ.

ರೆಸ್ಯೂಮೆಯಲ್ಲಿ ಇಂಥ ಸಾಲು ಕಾಣುತ್ತದೆ: 'ಪ್ರಮುಖ ಬ್ಯಾಂಕಿನ ಡಿಜಿಟಲ್ ಪರಿವರ್ತನೆಯ ಕಾರ್ಯತಂತ್ರ ರೂಪಿಸಿದ ತಂಡದ ಸದಸ್ಯ.' ಓದಿದವರಿಗೆ ನೀವು ಏನು ಮಾಡಿದಿರಿ ಎಂದು ತಿಳಿಯುವುದಿಲ್ಲ. ಹದಿಮೂರು ತಿಂಗಳಿನವರು ಕಾರ್ಯತಂತ್ರ ರೂಪಿಸಿಲ್ಲ ಎಂದು ಮಾತ್ರ ತಿಳಿಯುತ್ತದೆ. ಅದನ್ನೇ ಹೀಗೆ ಬರೆಯಬಹುದು: 'ಖಾಸಗಿ ಬ್ಯಾಂಕೊಂದರ 40 ಶಾಖೆಗಳ ಗೃಹಸಾಲದ ಅರ್ಜಿಗಳು ಯಾವ ಹಂತದಲ್ಲಿ ಎಷ್ಟು ದಿನ ನಿಲ್ಲುತ್ತವೆ ಎಂದು ಲೆಕ್ಕ ಹಾಕಿದೆ. ಅರ್ಧದಷ್ಟು ದಿನಗಳು ಕಾನೂನು ಪರಿಶೀಲನೆಯ ಮೇಜಿನಲ್ಲೇ ಕಳೆಯುತ್ತಿದ್ದುದನ್ನು ತೋರಿಸಿದೆ.' ಗ್ರಾಹಕರ ಹೆಸರಿಲ್ಲ, ಗುಟ್ಟು ಒಡೆದಿಲ್ಲ, ಕೆಲಸ ಮಾತ್ರ ಕಣ್ಣಿಗೆ ಕಟ್ಟುತ್ತದೆ. ಪ್ರತಿ ಪ್ರಾಜೆಕ್ಟಿಗೆ ಇಂಥ ಎರಡು ಸಾಲು ಸಾಕು.

ದಾರಿಗಳು

ಬೆಂಗಳೂರಿನಲ್ಲೇ ಉಳಿಯುವುದಾದರೆ ದಾರಿ ಸುಲಭ. ಕಂಪನಿಗಳ ಒಳಗಿನ ಸ್ಟ್ರಾಟಜಿ ಮತ್ತು ಆಪರೇಷನ್ಸ್ ತಂಡಗಳು, ಪ್ರಾಡಕ್ಟ್ ಹುದ್ದೆಗಳು, ಸ್ಟಾರ್ಟಪ್‌ಗಳ 'ಫೌಂಡರ್ಸ್ ಆಫೀಸ್', ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳು – ಎಲ್ಲ ಕಡೆಯೂ ನಿಮ್ಮಂಥವರನ್ನು ತೆಗೆದುಕೊಳ್ಳುತ್ತಾರೆ. 'ಫೌಂಡರ್ಸ್ ಆಫೀಸ್' ಎಂದರೆ ಕೆಲವು ಕಡೆ ಮಾಲೀಕರ ಬಲಗೈ, ಕೆಲವು ಕಡೆ ಸ್ಲೈಡು ಮಾಡಿಕೊಡುವ ಹುಡುಗ. ಸೇರುವ ಮೊದಲು ಹಿಂದೆ ಆ ಕುರ್ಚಿಯಲ್ಲಿದ್ದವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಸಮಾಜಸೇವೆಯ ಕಡೆ ಒಲವಿದ್ದರೆ ಬೆಂಗಳೂರಿನ ಸತ್ವ ಕನ್ಸಲ್ಟಿಂಗ್‌ನಂಥ ಸಂಸ್ಥೆಗಳು ಇದೇ ಕೌಶಲವನ್ನು ಬೇರೆ ವಿಷಯಕ್ಕೆ ಬಳಸುತ್ತವೆ. ಸಂಬಳ ಕಡಿಮೆ, ಓಡಾಟ ಅಷ್ಟೇ.

ವಾರಕ್ಕೆ ಮೂರು ದಿನ ಆಫೀಸು, ಉಳಿದ ದಿನ ಮಂಗಳೂರಿನಿಂದ ಎಂಬ ಹೈಬ್ರಿಡ್ ಕೆಲಸಕ್ಕೆ ಆಸೆಪಡುವವರು ಜುಲೈ ತಿಂಗಳನ್ನು ನೆನಪಿಸಿಕೊಳ್ಳಲಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಬಸ್ಸೂ ಇಲ್ಲ, ಕೆಲವೊಮ್ಮೆ ರೈಲೂ ಇಲ್ಲ.

ಇನ್ನು ಊರಿಗೇ ಮರಳುವವರ ಮಾತು.

1. ಐಟಿ. ಕೊಟ್ಟಾರ ಮತ್ತು ಮುಡಿಪಿನ ಇನ್ಫೋಸಿಸ್ ಎಲ್ಲರಿಗೂ ಗೊತ್ತು. ಅದಕ್ಕಿಂತ ಚಿಕ್ಕ ಸಾಫ್ಟ್‌ವೇರ್ ಕಂಪನಿಗಳಲ್ಲಿ ಬಿಸಿನೆಸ್ ಅನಾಲಿಸ್ಟ್, ಗ್ರಾಹಕರ ಖಾತೆ ನೋಡಿಕೊಳ್ಳುವ ಹುದ್ದೆಗಳು ನಿಮಗೆ ಹೊಂದುತ್ತವೆ. ಸಂಬಳ ಬೆಂಗಳೂರಿನಷ್ಟಲ್ಲ, ಬಾಡಿಗೆಯೂ ಅಲ್ಲ.

2. ಬ್ಯಾಂಕು. ಕರ್ಣಾಟಕ ಬ್ಯಾಂಕಿನ ಪ್ರಧಾನ ಕಚೇರಿ ಈಗಲೂ ಇಲ್ಲೇ ಇದೆ. ಅದರ ನೇಮಕಾತಿ ಪ್ರಕಟಣೆಗಳನ್ನು ನೋಡುತ್ತಿರಿ. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಪರೀಕ್ಷೆಗೆ ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಶೇ 60 ಅಂಕ, 30ರ ಒಳಗಿನ ವಯಸ್ಸು ಬೇಕು. ಯುಪಿಎಸ್‌ಸಿ ನಾಗರಿಕ ಸೇವೆಗೆ ಸಾಮಾನ್ಯ ವರ್ಗದವರಿಗೆ 32 ವರ್ಷ, 6 ಅವಕಾಶ. ಆದರೆ ಕೆಲಸ ಬಿಟ್ಟ ಬೇಸರದಲ್ಲಿ ಪರೀಕ್ಷೆಯ ಪುಸ್ತಕ ಕೊಳ್ಳುವವರನ್ನು ಕಂಡರೆ ನನಗೆ ಭಯ. ಮೊದಲೇ ಆ ಆಸೆ ಇದ್ದವರು ಮಾತ್ರ ಕೈಹಾಕಿ, ಎಷ್ಟು ಸಲ ಬರೆಯುವುದೆಂದು ಮೊದಲೇ ತೀರ್ಮಾನಿಸಿ.

3. ಆಸ್ಪತ್ರೆ. ಮೆಡಿಕಲ್ ಕಾಲೇಜುಗಳ ಊರು ನಮ್ಮದು. ಡಿಸ್ಚಾರ್ಜ್ ಬರೆದಾದ ಮೇಲೂ ರೋಗಿ ವಿಮೆಯ ಒಪ್ಪಿಗೆಗಾಗಿ ಅರ್ಧ ದಿನ ಕಾಯುವುದನ್ನು ಎಲ್ಲರೂ ಕಂಡಿದ್ದಾರೆ. ಕ್ಯಾಶ್‌ಲೆಸ್ ಬಿಲ್ಲಿಗೆ ಆಸ್ಪತ್ರೆ ಕಳಿಸಿದ 3 ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಕರು 2024ರಲ್ಲಿ ಕಂಪನಿಗಳಿಗೆ ಸೂಚಿಸಿದ್ದಾರೆ. ಆಸ್ಪತ್ರೆಯ ಒಳಗೆ ಕಾಗದ ಎಲ್ಲಿ ತಡೆಯುತ್ತದೆ ಎಂದು ಹುಡುಕುವುದು ನಿಮಗೆ ಬರುವ ವಿದ್ಯೆಯೇ. ಆಪರೇಷನ್ಸ್ ಅಥವಾ ಕ್ವಾಲಿಟಿ ವಿಭಾಗದಲ್ಲಿ ವಿಚಾರಿಸಿ.

4. ಓದು. ಇಂಜಿನಿಯರಿಂಗ್ ಮಾತ್ರ ಓದಿದವರಿಗೆ ಎಂಬಿಎ ಒಳ್ಳೆಯ ದಾರಿ. ಕ್ಯಾಟ್ ನವೆಂಬರ್ ಕೊನೆಗೆ ಬರುತ್ತದೆ. ಎಂಬಿಎ ಆದವರು ಕಲಿಸುವ ಆಸೆ ಇದ್ದರೆ ಯುಜಿಸಿ ನೆಟ್ ಬರೆಯಿರಿ, ಪಿಎಚ್‌ಡಿ ನೋಡಿ. ಖಾಲಿ ಸಮಯ ತುಂಬಲು ಇನ್ನೊಂದು ಡಿಗ್ರಿ ಮಾತ್ರ ಬೇಡ.

5. ಕುಟುಂಬದ ಉದ್ದಿಮೆಗಳು. ಬೈಕಂಪಾಡಿ, ಯೆಯ್ಯಾಡಿ, ಬಂದರು. ಆಚೆ ಕಾರ್ಕಳ, ಪುತ್ತೂರು. ಗೇರುಬೀಜ, ಮೀನು, ಆಹಾರ ಪದಾರ್ಥ, ಸಾಗಾಟ, ಕಟ್ಟಡ ಸಾಮಗ್ರಿ. ಇವುಗಳ ಬಗ್ಗೆ ಕ್ಯಾಂಪಸ್ಸಿನಲ್ಲಿ ಯಾರೂ ಹೇಳಿರುವುದಿಲ್ಲ, ಪೋರ್ಟಲ್‌ಗಳಲ್ಲಿ ಜಾಹೀರಾತೂ ಇರುವುದಿಲ್ಲ. ಫಲ ಕಣ್ಣಾರೆ ಕಾಣಬೇಕು ಎನ್ನುವ ಮೂರನೇ ಗುಂಪಿನವರಿಗೆ ನನ್ನ ಮೊದಲ ಸಲಹೆ ಇದೇ.

ಒಂದು ಬೀಜದ ಫ್ಯಾಕ್ಟರಿ ತೆಗೆದುಕೊಳ್ಳಿ. ಹಸಿ ಗೇರುಬೀಜ ಊರಿನಲ್ಲಿ ಸಿಗುವುದು ಬೇಸಿಗೆಯ ಕೆಲವೇ ತಿಂಗಳು. ಉಳಿದದ್ದು ಆಫ್ರಿಕಾದಿಂದ ಹಡಗಿನಲ್ಲಿ ಬರಬೇಕು. ಅಂದರೆ ತಿಂಗಳುಗಟ್ಟಲೆ ಬೇಕಾಗುವ ಮಾಲಿಗೆ ದುಡ್ಡು ಮೊದಲೇ ಹೋಗುತ್ತದೆ, ಅದಕ್ಕೆ ಬ್ಯಾಂಕಿನ ಬಡ್ಡಿ ಓಡುತ್ತಿರುತ್ತದೆ. ಮಾಲು ಕೊಳ್ಳುವಾಗ ನೋಡುವ ಅಂಕಿ ಔಟ್‌ಟರ್ನ್: 80 ಕಿಲೋ ಮೂಟೆಯಿಂದ ಎಷ್ಟು ಪೌಂಡ್ ತಿರುಳು ಬರುತ್ತದೆ ಎಂಬುದು. 48 ಪೌಂಡ್ ಬರುತ್ತದೆಂದು ಕೊಂಡ ಮಾಲು 47 ಬಂದರೆ ಒಂದು ಮೂಟೆಯಲ್ಲಿ ಏನೂ ಅನಿಸದು. ಆದರೆ 1,000 ಟನ್ ಎಂದರೆ 12,500 ಮೂಟೆ. ಒಂದೊಂದು ಪೌಂಡಿನಂತೆ ಐದೂವರೆ ಟನ್ನಿಗೂ ಮಿಕ್ಕಿ ತಿರುಳು ಹೋಯಿತು. ಅದು ಕೊಂಡ ಮಾಲಿನಲ್ಲೇ ಇರಲಿಲ್ಲವೇ, ಒಣಗಿಸುವಾಗ ಹೆಚ್ಚುಕಡಿಮೆ ಆಯಿತೇ, ಒಡೆಯುವಾಗ ಹಾಳಾಯಿತೇ? ಇಡಿ ತಿರುಳು ಡಬ್ಲ್ಯೂ 180, 240, 320 ಎಂದು ಗಾತ್ರದ ಪ್ರಕಾರ ಮಾರಾಟವಾಗುತ್ತದೆ, ತುಂಡಿಗೆ ದರ ಕಡಿಮೆ. ಹಾಗಾಗಿ ತುಂಡಿನ ಪ್ರಮಾಣ ಸ್ವಲ್ಪ ಏರಿದರೂ ಲಾಭ ಕರಗುತ್ತದೆ. ಇದರ ಅಂಕಿಗಳೆಲ್ಲ ಅಲ್ಲೇ ಇರುತ್ತವೆ: ಖರೀದಿಯದ್ದು ಟ್ಯಾಲಿಯಲ್ಲಿ, ದಿನದ ಉತ್ಪಾದನೆಯದ್ದು ರೈಟರ್ ಬರೆಯುವ ಪುಸ್ತಕದಲ್ಲಿ. ಎರಡನ್ನೂ ಒಂದೇ ಹಾಳೆಗೆ ತಂದು ಲಾಟು ಲಾಟಾಗಿ ಹೋಲಿಸುವವರು ಬೇಕು. ನೀವು ಬೆಂಗಳೂರಿನಲ್ಲಿ ಮಾಡಿದ್ದು ಇದನ್ನೇ ಅಲ್ಲವೇ? ಇಲ್ಲಿ ಫಲ ಮುಂದಿನ ಲಾಟಿನಲ್ಲೇ ಕಾಣುತ್ತದೆ.

ಇಂಥ ಕಡೆ ಹೋಗುವ ಕ್ರಮ ಬೇರೆ. ರೆಸ್ಯೂಮೆ ಈಮೇಲ್ ಮಾಡಿದರೆ ಯಾರೂ ತೆರೆಯುವುದಿಲ್ಲ. ಆ ಮನೆಯ ಲೆಕ್ಕ ನೋಡುವ ಚಾರ್ಟರ್ಡ್ ಅಕೌಂಟೆಂಟ್ ಮೂಲಕ, ಬ್ಯಾಂಕಿನಲ್ಲಿದ್ದ ಮಾವನ ಮೂಲಕ, 1940ರಿಂದ ಇರುವ ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಯ ಸದಸ್ಯರ ಮೂಲಕ ಹೋಗಿ. (ನಿವೃತ್ತ ಬ್ಯಾಂಕ್ ಮ್ಯಾನೇಜರ್ ಆದ ಆ ದೊಡ್ಡಪ್ಪನೇ ಇಲ್ಲಿ ಉಪಯೋಗಕ್ಕೆ ಬರುವುದು; ಯಾರ ಸಾಲದ ಖಾತೆ ಚೊಕ್ಕಟ ಎಂದು ಅವರಿಗೆ ಗೊತ್ತು.) ಕೆಲಸ ಕೇಳುವ ಬದಲು ಮೂರು ತಿಂಗಳ ಒಂದು ಕೆಲಸ ಮಾಡಿಕೊಡುತ್ತೇನೆ ಎನ್ನಿ, ಒಂದೇ ಪ್ರಶ್ನೆ ಆರಿಸಿಕೊಳ್ಳಿ, ಸಂಭಾವನೆ ಮೊದಲೇ ಮಾತಾಡಿ. ಪುಕ್ಕಟೆ ಮಾಡಿದ ಕೆಲಸಕ್ಕೆ ಧಣಿಗಳು ಕಿವಿಗೊಡುವುದಿಲ್ಲ. ಮೊದಲ ಎರಡು ವಾರ ಸ್ಲೈಡ್ ಬೇಡ, ಫ್ಯಾಕ್ಟರಿಯಲ್ಲಿ ನಿಲ್ಲಿ. ತುಳುವೋ ಕೊಂಕಣಿಯೋ ಬ್ಯಾರಿಯೋ ಬರುತ್ತಿದ್ದರೆ ಅದೇ ನಿಮ್ಮ ದೊಡ್ಡ ಅರ್ಹತೆ; ಬೆಂಗಳೂರಿನಿಂದ ಬರುವ ಕನ್ಸಲ್ಟೆಂಟರಿಗೆ ಇಲ್ಲದ್ದು ಅದೇ.

ಎಚ್ಚರಿಕೆಯೂ ಬೇಕು. ಚೆಕ್ಕಿಗೆ ಸಹಿ ಯಾರದ್ದು ಎಂದು ತಿಳಿದುಕೊಳ್ಳಿ. ಮಗ ನಿಮ್ಮನ್ನು ಕರೆತಂದಿದ್ದು, ಅಪ್ಪನಿಗೆ ಇಷ್ಟವಿಲ್ಲದಿದ್ದರೆ ನೀವು ಅವರಿಬ್ಬರ ಜಗಳದ ನಡುವೆ ಸಿಕ್ಕಿಬೀಳುತ್ತೀರಿ. ಅಣ್ಣ ತಮ್ಮಂದಿರ ಪಾಲಿನ ಮಾತು ನಡೆಯುತ್ತಿರುವ ಮನೆಗೆ ಹೋಗಲೇಬೇಡಿ. ಕಾಯಂ ಆಗಿ ಸೇರುವಾಗ ಹುದ್ದೆ, ಸಂಬಳ, ಯಾರಿಗೆ ವರದಿ ಮಾಡಬೇಕು ಎಂಬುದು ಕಾಗದದಲ್ಲಿರಲಿ, ಪಿಎಫ್ ಕಟ್ಟುತ್ತಾರೆಯೇ ಕೇಳಿ. 'ನೀನು ನಮ್ಮ ಮನೆಯವನ ಹಾಗೆ' ಎಂಬ ಮಾತು ಹಿತವಾಗಿರುತ್ತದೆ, ಅದನ್ನು ಬ್ಯಾಂಕಿಗೆ ತೋರಿಸಲು ಬರುವುದಿಲ್ಲ.

6. ಸ್ವಂತದ್ದು. ಜೊಮ್ಯಾಟೊ ಕಟ್ಟಿದ ದೀಪಿಂದರ್ ಗೋಯಲ್ ಮತ್ತು ಪಂಕಜ್ ಚಡ್ಡಾ ಬೇನ್ ಕಂಪನಿಯಲ್ಲಿದ್ದವರು, ಅರ್ಬನ್ ಕಂಪನಿಯ ಮೂವರು ಸ್ಥಾಪಕರಲ್ಲಿ ಇಬ್ಬರು ಬಿಸಿಜಿಯಲ್ಲಿದ್ದವರು. ಈ ಕಥೆ ಕೇಳಿ ಹುರುಪುಗೊಳ್ಳುವವರು ಒಂದು ವಿವರ ಬಿಟ್ಟುಬಿಡುತ್ತಾರೆ: ಜೊಮ್ಯಾಟೊದ ಮೊದಲ ರೂಪ 2008ರಲ್ಲಿ ಶುರುವಾದಾಗ ಅದರ ಸ್ಥಾಪಕರು ಇನ್ನೂ ಕೆಲಸದಲ್ಲಿದ್ದರು. ಮೊದಲ ಗಿರಾಕಿ ಸಿಕ್ಕ ಮೇಲೆ ಬಿಡುವುದು ವಾಸಿ. ಕೆಲಸದಲ್ಲಿದ್ದುಕೊಂಡು ಶುರುಮಾಡುವಾಗ ಪಕ್ಕದ ವ್ಯವಹಾರಕ್ಕೆ ಕಂಪನಿಯ ಅನುಮತಿ ಬೇಕೇ ಎಂದು ಆಫರ್ ಲೆಟರ್ ನೋಡಿ.

ಹಣದ ವಿಷಯಕ್ಕೆ, ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆ ಆಯ್ಕೆಯಾದ ಸ್ಟಾರ್ಟಪ್‌ಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ಕಿರು ಆಹಾರ ಘಟಕಗಳಿಗೆ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ 35ಕ್ಕೆ ರಾಜ್ಯ ಶೇ 15 ಸೇರಿಸಿ, 15 ಲಕ್ಷದ ಮಿತಿಯಲ್ಲಿ ಅರ್ಧದಷ್ಟು ಸಹಾಯಧನ ಕೊಟ್ಟಿದೆ. ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ್ದು, ಸಾಲ ಮಂಜೂರಾಗದೆ ಸಹಾಯಧನವಿಲ್ಲ. ಈ ವರ್ಷದ ಸ್ಥಿತಿಯನ್ನು ಕೃಷಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

7. ಬಿಡಿ ಕೆಲಸ. ಎರಡು ಮೂರು ಸಣ್ಣ ಕಂಪನಿಗಳಿಗೆ ತಿಂಗಳ ಲೆಕ್ಕದಲ್ಲಿ ಕೆಲಸ ಮಾಡಿಕೊಡಬಹುದು. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಅನುಭವ ಕಡಿಮೆ ಇದ್ದಾಗ ಇದು ಆರು ತಿಂಗಳ ಸೇತುವೆಯಾಗಿ ಸರಿ. ಅದನ್ನೇ ವೃತ್ತಿ ಮಾಡಿಕೊಳ್ಳಲು ಇನ್ನೂ ಕಾಲ ಬೇಕು.

ಸಂದರ್ಶನದಲ್ಲಿ ಆ ಒಂದು ಪ್ರಶ್ನೆ

"ಹದಿಮೂರು ತಿಂಗಳಿಗೇ ಬಿಟ್ಟಿರಲ್ಲ, ಯಾಕೆ?"

ಉತ್ತರ ಮೂರು ವಾಕ್ಯ ಮೀರಬಾರದು. "ಸರ್, ನಾನಿದ್ದ ಎರಡು ಪ್ರಾಜೆಕ್ಟಿನಲ್ಲೂ ವರದಿ ಕೊಟ್ಟ ಮೇಲೆ ಏನಾಯಿತು ಅಂತ ತಿಳಿಯಲಿಲ್ಲ. ಅದರಲ್ಲಿ ಗೋದಾಮಿನ ದಾಸ್ತಾನು ನೋಡುವ ಭಾಗ ನನಗೆ ಹಿಡಿಸಿತು. ನಿಮ್ಮಲ್ಲಿ ಅದೇ ಕೆಲಸವನ್ನು ಕೊನೆಯವರೆಗೂ ಮಾಡಬಹುದು ಅಂತ ಬಂದಿದ್ದೇನೆ." ಅಷ್ಟೇ. ಹೇಳಿ ಮುಗಿಸಿ ಸುಮ್ಮನಿರಿ. ಸಂದರ್ಶಕರಿಗೆ ನಿಜವಾಗಿ ತಿಳಿಯಬೇಕಾದದ್ದು ಇಲ್ಲಿಂದಲೂ ಇಷ್ಟೇ ಬೇಗ ಓಡುತ್ತೀರಾ ಎಂಬುದು. ಉದ್ದದ ಸಮಜಾಯಿಷಿ ಆ ಅನುಮಾನವನ್ನೇ ಬೆಳೆಸುತ್ತದೆ. ಅವರೇ ಬಿಡಲು ಹೇಳಿದ್ದರೆ, "ಆ ವೇಗಕ್ಕೆ ನಾನು ಹೊಂದಲಿಲ್ಲ, ಮಾತಾಡಿಯೇ ಹೊರಟೆ" ಎನ್ನಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಆ ಕೆಲಸವನ್ನೇ ರೆಸ್ಯೂಮೆಯಿಂದ ಮುಚ್ಚಿಡುವುದು. ಪಿಎಫ್ ಖಾತೆಯ ಸೇವಾ ವಿವರದಲ್ಲಿ, ಆದಾಯ ತೆರಿಗೆಯ ದಾಖಲೆಯಲ್ಲಿ ಅದು ಇದ್ದೇ ಇರುತ್ತದೆ. ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಕೈಗೆ ಬಂದ ಆಫರ್ ಹೋಗುತ್ತದೆ. ಒಂದು ವರ್ಷದ ಕೆಲಸ ತೋರಿಸಿದ್ದಕ್ಕೇ ಆಫರ್ ಹೋಗುವುದು ಅಪರೂಪ.

ಅದೇ ಸಂಬಳಕ್ಕೆ ಪಟ್ಟು ಹಿಡಿಯುವುದು. ಕನ್ಸಲ್ಟಿಂಗ್ ಸಂಬಳದಲ್ಲಿ ನಿಮ್ಮ ರಾತ್ರಿಗಳ ಬೆಲೆಯೂ ಸೇರಿತ್ತು. ಗಂಟೆಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಿದ ಮೇಲೆ ಚೌಕಾಸಿಗೆ ಹೋಗಿ.

ಒಂದೇ ಹಣಕಾಸು ವರ್ಷದಲ್ಲಿ ಎರಡು ಕಂಪನಿ ಆದಾಗ ಹಳೆಯ ಸಂಬಳದ ವಿವರವನ್ನು ಹೊಸ ಎಚ್‌ಆರ್‌ಗೆ ಕೊಡದಿರುವುದು. ಇಬ್ಬರೂ ಸ್ಟ್ಯಾಂಡರ್ಡ್ ಡಿಡಕ್ಷನ್ ಮತ್ತು ಕೆಳಗಿನ ಸ್ಲ್ಯಾಬ್ ಲೆಕ್ಕ ಹಾಕಿ ಕಡಿಮೆ ತೆರಿಗೆ ಮುರಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಬಾಕಿ ಒಟ್ಟಿಗೆ ಕಟ್ಟಬೇಕಾಗುತ್ತದೆ.

ರಿಲೀವಿಂಗ್ ಲೆಟರ್ ಪಡೆಯದೆ ಬರುವುದು. ನೋಟಿಸ್ ಅವಧಿಯಲ್ಲಿ ಅರ್ಧಂಬರ್ಧ ಕೆಲಸ ಮಾಡಿ ಜಗಳವಾಡಿಕೊಂಡು ಬಂದರೆ ಆ ಒಂದು ಪುಟಕ್ಕಾಗಿ ಎಚ್‌ಆರ್‌ಗೆ ತಿಂಗಳುಗಟ್ಟಲೆ ಈಮೇಲ್ ಬರೆಯಬೇಕಾಗುತ್ತದೆ. ಕೊನೆಯ ವಾರ ಲ್ಯಾಪ್‌ಟಾಪ್ ಒಪ್ಪಿಸುವ ಮೊದಲು ಸಂಬಳದ ಚೀಟಿಗಳು, ಫಾರ್ಮ್ 16, ನೇಮಕಾತಿ ಪತ್ರ ಇಳಿಸಿಕೊಳ್ಳಿ. ನಿಮ್ಮ ಕೆಲಸ ಮೆಚ್ಚಿದ್ದ ಒಬ್ಬ ಸೀನಿಯರ್ ಬಳಿ ಮುಂದೆ ಯಾರಾದರೂ ಫೋನ್ ಮಾಡಿದರೆ ಎರಡು ಮಾತು ಹೇಳುತ್ತೀರಾ ಎಂದು ಎದುರಿಗೇ ಕೇಳಿ, ಅವರ ವೈಯಕ್ತಿಕ ನಂಬರ್ ತೆಗೆದುಕೊಳ್ಳಿ. ಆಫೀಸಿನ ಈಮೇಲ್ ವಿಳಾಸ ಅವರದ್ದೂ ನಾಳೆ ಬದಲಾಗಬಹುದು.